ಹಿಡಿಜೋಳದ ಡಬ್ಬಿ

ಒಲಿಯ ಎಡಕ್ಕ, ಉಪ್ಪಿನ ಗಡಗಿ ಬಾಜೂಕ
ಒಂದು ಡಾಲ್ಡಾ ಡಬ್ಬಿ.
ನಮ್ಮತ್ತಿ ಇಟ್ಟಿದ್ದು. ತೊಳದು ತೊಳದು
ಮ್ಯಾಲಿನ ಚಿತ್ರ ಅಳಿಸಿ ಹೋಗ್ಯದ.
ಬೀಸಲಿಕ್ಕಿ ಜೋಳ ತೆಗೆಯೋ ಮೊದಲು
ಒಂದು ಹಿಡಿ ಇದಕ್ಕ. ಸ್ವಾಮಿ ಪಾಲು.
ಆಮ್ಯಾಲ ನಮ್ಮ ಹೊಟ್ಟಿ.
ಬೆರಳು ಸಡಲ ಬಿಡಬಾರದು ಅಂತಿದ್ಲು ಮುದುಕಿ,
"ಸ್ವಾಮಿ ಏನೂ ಲೆಕ್ಕ ಹಾಕಂಗಿಲ್ಲ,
ನಿನ್ನ ಕೈಗಿ ಗೊತ್ತಿರ್ತದಲ್ಲ."

ಇಪ್ಪತ್ತೆರಡು ವರ್ಷ ಹಾಕೀನಿ.
ಐತಾರ ದಿನ ಗುಡಿಗಿ ಒಯ್ದು
ಗೋಣಿಚೀಲದಾಗ ಸುರುವಿ ಬಂದೀನಿ.
ಆ ಚೀಲ ಯಾರ ಮನಿಗಿ ಹೋಗ್ತದ
ಕೇಳಿದಾಕಿ ಅಲ್ಲ.

ಸಂಕ್ರಮಣ ಮುಂದ
ಹೈದರಾಬಾದಿನಾಗ ಆರನೇ ಅಂತಸ್ತಿನಿಂದ
ಸಂಸೋನ ಬಿದ್ದ.
ಗಂಡನ ಹೆಸರು ಹೇಳಬಾರದು ಅಂತಾರ.
ಈಗ ಹೇಳ್ತೀನಿ.
ಹುಮನಾಬಾದ ದಾಟಿ ನಸುಕಿನಾಗ ಟೆಂಪೋ ಬಂತು.
ಅವನ ಕಿವಿಯಾಗ ಇನ್ನೂ
ಸಿಮೆಂಟಿನ ಪುಡಿ ಇತ್ತು.

ಅವತ್ತೇ ಡಬ್ಬಿ ಬೋರಲ ಹಾಕಿದೆ.
ಪಾದ್ರಿ ಅಯ್ನೋರು ಬಂದ್ರು, ಕೂತ್ರು,
ಬೈಬಲ್ ತೆಗದ್ರು, ಮತ್ತ ಮುಚ್ಚಿದ್ರು.
ಅದಕ್ಕೇ ಅವರ ಮ್ಯಾಲ ಸಿಟ್ಟು ಬರಲಿಲ್ಲ.
ನಮ್ಮ ಗುಡಿ ಗಂಟಿ ಅಂದ್ರ ರೈಲು ಹಳಿ ತುಂಡು,
ಬೇವಿನ ಗಿಡಕ್ಕ ಕಟ್ಟಿದ್ದು.
ಐತಾರ ಬಾರಿಸಿದ್ರ
ಕದ ಹಾಕ್ಕೊಂಡು ಕೂಡತಿದ್ದೆ.

ಏಳು ತಿಂಗಳು.

ಒಂದಿನ ಸಂಜಿ. ಮಳಿ ನಿಂತಿತ್ತು, ಅಂಗಳ ತುಂಬ ಕೆಂಪು ರಾಡಿ.
ಹೊಸ್ತಿಲದಾಗ ಚೀಲ.
ಹೊತ್ತು ತಂದ ಎಲೀಷನ ಮಗ
ಕಳವು ಮಾಡಿದವನಂಗ ಓಡಿ ಹೋದ.
ಅದೇ ಗೋಣಿಚೀಲ. ನಾನೇ ಹಚ್ಚಿದ
ನೀಲಿ ದಾರದ ತ್ಯಾಪಿ.

ಎರಡು ದಿನ ಮುಟ್ಟಲಿಲ್ಲ.
ನಾ ಕೊಡೋ ಪೈಕಿ, ತಗೊಳ್ಳೋ ಪೈಕಿ ಅಲ್ಲ
ಅಂತ ಮಾರಿ ಬಿಗಿದುಕೊಂಡು ಕೂತೆ.
ಮೂರನೇ ದಿನ ಹಿಟ್ಟಿನ ಗಡಗಿ ಬುಡ ಕಂಡಿತು.
ಮರದಾಗ ಸುರುವಿ ಬಾಗಲದಾಗ ಕೂತೆ, ಹಸನ ಮಾಡ್ಲಿಕ್ಕಿ.

ಜೋಳಕ್ಕ ಬಾಯಿಲ್ಲ ಅಂತಾರ. ಸುಳ್ಳು.
ಈ ದುಂಡನ ಬಿಳಿ ಜೋಳ ಎಸ್ತೇರಕ್ಕನ ಮನಿದು,
ಅಳಿಯ ಭಾಲ್ಕಿಯಿಂದ ತರ್ತಾನ.
ಈ ನುಸಿ ಹಿಡದದ್ದು ಸುವಾರ್ತಮ್ಮ,
ಪಾಪ, ಕಣ್ಣು ಕಾಣಂಗಿಲ್ಲ ಅಕಿಗಿ.
ಬೇವಿನೆಲಿ ಬೆರತದ್ದು ಪಾದ್ರಿ ಮನಿದು.
ನಡುನಡುವ ರೇಷನ್ ಅಕ್ಕಿ:
ಜೋಳ ಕೊಳ್ಳಲಿಕ್ಕಿ ಆಗದ ಯಾವುದೋ ಮನಿ,
ಅದೂ ಬಿಟ್ಟಿಲ್ಲ.
ಆಮ್ಯಾಲ ಹಳದಿ ಜೋಳ.
ಕೈ ನಿಂತಿತು.
ನಮ್ಮ ಓಣ್ಯಾಗ ಹಳದಿ ಜೋಳ ತಿನ್ನೋದು ಒಂದೇ ಮನಿ.
ದೀನಮ್ಮ.
ಗ್ವಾಡಿ ಸಲುವಾಗಿ ಜಗಳಾಗಿ ಐದು ವರ್ಷ.
ಪ್ರಭು ಭೋಜನದ ರೊಟ್ಟಿ ಒಂದೇ ತಟ್ಟಿಯಿಂದ ತಗೊಂಡು
ಒಬ್ಬರಿಗೊಬ್ಬರು ಮಾರಿ ನೋಡದೆ
ಮನಿಗಿ ಬಂದೀವಿ.
ಹಿಡಿ ಅಲ್ಲ ಅದು, ಎರಡು ಸೇರಾರ ಇರಬೇಕು.
ಹಳ್ಳು ಒಂದೂ ಇಲ್ಲ.
ಕೂತು ಆರಿಸ್ಯಾಳ.
ನನ್ನ ಹಲ್ಲಿಗಿ ತಾಕಬಾರದಂತ.

ಟೆಂಪೋ ಬಂದ ದಿನ ಬರದಿದ್ದ ಅಳು,
ಮಣ್ಣು ಹಾಕೋವಾಗ ಬರದಿದ್ದ ಅಳು
ಮರದ ಮ್ಯಾಲ ಬಿತ್ತು.
ಕೋಳಿ ಬಂದು ನೋಡಿ ಹೋಯ್ತು.

ಸ್ವಾಮಿ, ನಿನ್ನ ಜೋಡಿ ಜಗಳ ಮುಗದಿಲ್ಲ.
ಆರನೇ ಅಂತಸ್ತಿನಾಗ ಒಂದು ಹಗ್ಗ ಯಾಕ ಇರಲಿಲ್ಲ
ಎಂದಾರ ಒಂದಿನ ನೀ ಹೇಳಬೇಕು.
ಆದರ ರೊಟ್ಟಿ ಬಡೀತೀನಿ.
ಹಿಟ್ಟು ನಾದೋವಾಗ ಎಲ್ಲಾ ಮನಿ ಕೂಡಿ ಒಂದೇ ಮುದ್ದಿ,
ಯಾವುದು ಎಸ್ತೇರಕ್ಕ, ಯಾವುದು ದೀನಮ್ಮ
ತಿಳಿಯಂಗಿಲ್ಲ.

ಬೋರಲ ಬಿದ್ದ ಡಬ್ಬಿ ಎತ್ತಿದೆ. ಒಳಗ ಜೇಡ.
ಒರಸಿ, ಅವರೇ ಕೊಟ್ಟ ಜೋಳದಾಗಿಂದ
ಒಂದು ಹಿಡಿ ಹಾಕಿದೆ,
ಬೆರಳು ಸಡಲ ಬಿಡದಂಗ.

ನಾಳಿ ಐತಾರ.
ಹಾಡು ಬಾಯಿಗಿ ಬರ್ತದೋ ಇಲ್ಲೋ.
ಎರಡು ರೊಟ್ಟಿ ಅರಿವ್ಯಾಗ ಸುತ್ತಿಟ್ಟೀನಿ,
ಗ್ವಾಡಿ ಆಚಿ ಕೊಡಬೇಕು.
ಸಂಸೋನನೇ ಕಟ್ಟಿದ ಗ್ವಾಡಿ ಅದು, ಭಾಳ ಎತ್ತರೇನಿಲ್ಲ;
ಆಚಿಂದ ಅಕಿ ಕೈ ಎತ್ತಿದರ
ಮುಟ್ಟತದ.